ಹುಲ್ಲು ನೆಟ್ಟವರ ಮನೆ

ನಮ್ಮ ಮನೆಯಲ್ಲಿ ಇದ್ದದ್ದು ಎರಡೇ ಕೋಣೆ. ಅದರಲ್ಲಿ ದೊಡ್ಡದು, ಬೇಸಿಗೆಯಲ್ಲೂ ತಣ್ಣಗಿರುವಂಥದ್ದು, ಗಾಳಿ ಬೆಳಕು ಹದವಾಗಿ ಬರುವಂಥದ್ದು ರೇಷ್ಮೆಹುಳುಗಳಿಗೆ. ಚಿಕ್ಕದು, ಹೊಗೆ ಹಿಡಿದದ್ದು, ರಾಗಿ ಚೀಲಕ್ಕೆ, ಒನಕೆಗೆ, ದೇವರ ಪಟಕ್ಕೆ ಮತ್ತು ನಮಗೆ. ಇದನ್ನು ನಾನು ದೂರಿನಂತೆ ಹೇಳುತ್ತಿಲ್ಲ. ರಾಮನಗರದ ಹತ್ತಿರದ ಕೈಲಾಂಚದ ಸುತ್ತಮುತ್ತ ಹುಳು ಸಾಕುವವರ ಮನೆಯೆಲ್ಲ ಆಗ ಹೀಗೆಯೇ ಇತ್ತು. ಹುಳುವಿಗೆ ಒಗ್ಗದ್ದು ಮನೆಯವರಿಗೂ ಬೇಡ. ಒಗ್ಗರಣೆಯ ಘಾಟು ಹುಳುವಿಗೆ ಆಗುವುದಿಲ್ಲವೆಂದು ಅವ್ವ ಹಿತ್ತಲಲ್ಲಿ ತೆಂಗಿನ ಗರಿಯ ಚಪ್ಪರ ಹಾಕಿಸಿ ಅಲ್ಲಿ ಒಲೆ ಹೂಡಿದ್ದಳು. ಅಪ್ಪನಿಗೆ ಬೀಡಿ ಸೇದಬೇಕು ಅನ್ನಿಸಿದರೆ ಹೊಲದಾಚೆಯ ಹುಣಸೆಮರದ ತನಕ ನಡೆದು, ಸೇದಿ, ಬಾಯಿ ಮುಕ್ಕಳಿಸಿ, ತನ್ನ ಕೈ ತಾನೇ ಮೂಸಿ ನೋಡಿಕೊಂಡು ವಾಪಸು ಬರಬೇಕಿತ್ತು. ನೆಂಟರಿಗೆ ಜಗಲಿಯೇ ಗತಿ. ಪೊರೆ ಬಿಡುವ ಮೊದಲು ಹುಳುಗಳು ತಿನ್ನುವುದು ಬಿಟ್ಟು ತಲೆಯೆತ್ತಿ ಕೂರುತ್ತವೆ, ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತೇವೆ. ಹುಳು ಜ್ವರಕ್ಕೆ ಕೂತಿದೆಯೆಂದರೆ ಮನೆಯಲ್ಲಿ ಜೋರು ಮಾತೂ ಇಲ್ಲ. ಆ ದಿನಗಳಲ್ಲಿ ಅಪ್ಪ ಅವ್ವನಿಗೆ ಜಗಳ ಬಂದರೆ ಇಬ್ಬರೂ ಪಿಸುಗುಟ್ಟಿಕೊಂಡೇ ಬೈದಾಡುತ್ತಿದ್ದರು. ಕಣ್ಣು ಕೆಂಪಗೆ, ದನಿ ಮಾತ್ರ ಗುಟ್ಟು ಹೇಳುವವರ ಹಾಗೆ. ಈಗ ಹುಳುವಿಗೆ ಬೇರೆಯೇ ಮನೆ ಕಟ್ಟಿಸಿದ್ದೇವೆ, ತವರಿಗೇ ವಾಪಸು ಬಂದಿರುವ ನಾನು ಆ ತಂಪು ಕೋಣೆಯಲ್ಲಿ ಮಲಗುತ್ತೇನೆ. ಮಲಗಿದಾಗ ಒಮ್ಮೊಮ್ಮೆ, ಈ ವಯಸ್ಸಿನಲ್ಲೂ, ಯಾರದೋ ಜಾಗದಲ್ಲಿ ಬಂದು ಮಲಗಿದ್ದೇನೆ ಅನ್ನಿಸುತ್ತದೆ.

ಆ ಮನೆ ನಮ್ಮ ತಾತ ಮುತ್ತಾತಂದಿರದಲ್ಲ. ಊರೊಳಗೆ ದೊಡ್ಡಮನೆ ಇತ್ತು, ಕಂಬದ ಹಜಾರ, ಅಟ್ಟದ ತುಂಬ ರಾಗಿ. ಪಾಲಾದಾಗ ದೊಡ್ಡಪ್ಪನಿಗೆ ಆ ಮನೆ ಮತ್ತು ಕೆರೆ ಕೆಳಗಿನ ಗದ್ದೆ ಹೋಯಿತು, ನಮಗೆ ಬಂಡೆಗುಡ್ಡದ ಬುಡದ ಬೀಳು ಬಂತು. ಪಾಲಿಗೆ ಕಾರಣ ಜಮೀನಲ್ಲ, ರಾಗಿ ಅಳೆಯುವ ಸೇರು. ದೊಡ್ಡಮ್ಮ ಅಳೆದು ಕೊಡುವುದು, ಅವ್ವ ಸೆರಗೊಡ್ಡಿ ಇಸಕೊಳ್ಳುವುದು, ಪ್ರತಿ ಸಲವೂ ಸೇರಿನ ತಲೆಯನ್ನು ದೊಡ್ಡಮ್ಮ ಕೈಯಲ್ಲಿ ಸವರಿ ಬೀಳಿಸುವುದು. ಒಂದು ದಿನ ಅವ್ವ ಸೆರಗಿನಲ್ಲಿದ್ದ ರಾಗಿಯನ್ನು ಹಾಗೆಯೇ ನೆಲಕ್ಕೆ ಸುರಿದು, ನನ್ನ ಕೈ ಹಿಡಿದು ಹೊರಗೆ ಬಂದಳಂತೆ. ನನಗೆ ಅದು ನೆನಪಿಲ್ಲ. ಆಮೇಲೆ ಗುಡ್ಡದ ಬುಡದಲ್ಲಿ ಗೋಡೆ ಏಳುತ್ತಿದ್ದಾಗ ಅವಳು ಅಪ್ಪನಿಗೆ ಹೇಳಿದ್ದು ಮಾತ್ರ ಚೆನ್ನಾಗಿ ನೆನಪಿದೆ.

“ಈ ಹೊಲ ನಮ್ಮನ್ನ ಸಾಕಿದ್ರೆ ಸಾಕ್ತು. ಇಲ್ದಿದ್ರೆ ಮತ್ತೆ ಆ ಅಟ್ಟದ ರಾಗಿಗೆ ಸೆರಗು ಒಡ್ಬೇಕು. ನಾನಂತೂ ಒಡ್ಡಕಿಲ್ಲ, ಈಗ್ಲೇ ಯೋಳ್ಬುಟ್ಟಿದೀನಿ.”

ಅಜ್ಜಿ, ಎಂದರೆ ಅಪ್ಪನ ತಾಯಿ, ದೊಡ್ಡ ಮಗನ ಮನೆ ಬಿಟ್ಟು ನಮ್ಮ ಜೊತೆ ಬಂದಳು. ಊರವರು ಯಾಕೆಂದು ಕೇಳಿದರೆ, “ಅಲ್ಲಿ ಮುದ್ದೆ ಐತೆ, ಮಾತಿಲ್ಲ. ಇಲ್ಲಿ ಮುದ್ದೆ ಒಸಿ ಕಮ್ಮಿ, ಮಾತು ಬೇಕಾದಷ್ಟೈತೆ” ಅನ್ನುತ್ತಿದ್ದಳು. ಅದು ನಿಜ. ನಮ್ಮ ಮನೆಯಲ್ಲಿ ಹುರುಳಿ ಬೇಯಿಸಿ ಬಸಿದ ನೀರಿಗೆ ಉಪ್ಪುಖಾರ ಕದಡಿದ ಉಪ್ಸಾರು ದಿನಾ, ಮಾತು ದಿನಾ.

ಹೊಲ ಎಂದರೆ ಎರಡು ತುಂಡು. ಕೆಳಗಿನದು ಸಮತಟ್ಟು, ಅಲ್ಲಿ ಹಿಪ್ಪುನೇರಳೆ ತೋಟ. ಅದರ ಮೇಲಕ್ಕೆ, ಬಂಡೆಯ ತನಕ, ಏರುದಿಬ್ಬ. ಅಲ್ಲಿ ಬರೀ ಹುಲ್ಲು. ಪೊರಕೆ ಕಟ್ಟುವ ಹಂಚಿಕಡ್ಡಿ, ಗುಡಿಸಲಿಗೆ ಹೊದಿಸುವ ನೊದೆಹುಲ್ಲು, ಹೆಸರಿಲ್ಲದ ಇನ್ನೆಷ್ಟೋ. ನಮ್ಮ ಒಂದೇ ಹಸು ಅಲ್ಲಿ ಮೇಯುತ್ತಿತ್ತು. ಅಪ್ಪನ ಕಣ್ಣಿಗೆ ಅದು ದಂಡವಾಗಿ ಬಿದ್ದ ಭೂಮಿ.

ಪುಸ್ತಕಗಳು ಮನೆಗೆ ಬಂದದ್ದು ಹುಳುವಿನ ನೆಪದಲ್ಲಿ. ಮೊಟ್ಟೆಯೊಡೆದು ಬಂದ ಮರಿಹುಳು ಸೂಜಿಯ ತುದಿಯಷ್ಟಿರುತ್ತವೆ. ಸಗಣಿ ಸಾರಿಸಿದ ಬಿದಿರು ತಟ್ಟೆಯ ಸಂದಿಯಲ್ಲಿ ಜಾರಿ ಹೋಗದ ಹಾಗೆ ತಟ್ಟೆಗೆ ಕಾಗದ ಹಾಸಬೇಕು. ಹಿಕ್ಕೆ ಬಿದ್ದ ಕಾಗದ ತೆಗೆದು ತಿಪ್ಪೆಗೆ ಎಸೆದು ಹೊಸದು ಹಾಸುತ್ತಿರಬೇಕು. ಅದಕ್ಕೆ ಅಪ್ಪ ರಾಮನಗರದ ರೇಷ್ಮೆಗೂಡಿನ ಮಾರ್ಕೆಟ್ಟಿನ ಹಿಂದಿನ ಬೀದಿಯಲ್ಲಿದ್ದ ರದ್ದಿ ಅಂಗಡಿಯಿಂದ ಹಳೆ ಪೇಪರಿನ ಕಟ್ಟು ತರುತ್ತಿದ್ದ. ಒಂದು ಸಲ ಪೇಪರ್ ಸಾಲದೆ ಅಂಗಡಿಯ ಸಾಬರು ರಟ್ಟು ಕಿತ್ತುಹೋದ ಮೂರು ಪುಸ್ತಕಗಳನ್ನು ಕಟ್ಟಿನೊಳಗೆ ಸೇರಿಸಿ ಕೊಟ್ಟಿದ್ದರು. ಯಾವುದೋ ಕಾಲದಲ್ಲಿ ಇಂಗ್ಲಿಷಿನಿಂದ ಕನ್ನಡಕ್ಕೆ ಮಾಡಿಸಿ, ಅಗ್ಗಕ್ಕೆ ಹಂಚಿದ ಪುಸ್ತಕಗಳಿರಬೇಕು. ದೂರದ ದೇಶದ ದೊಡ್ಡ ಹುಲ್ಲುಬಯಲಿನ ಕತೆ ಮೂರರಲ್ಲೂ. ಒಂದು, ಆ ಬಯಲಿಗೆ ಹೋಗಿ ಹೊಸದಾಗಿ ಬೇಸಾಯ ಹೂಡಿದ ಸಂಸಾರದ್ದು. ಇನ್ನೊಂದು, ಅಲ್ಲಿನ ಗಿಡಗಳದ್ದು. ಮತ್ತೊಂದು, ಮಣ್ಣಿನದ್ದು. ಬರೆದವರ ಹೆಸರು ರಟ್ಟಿನ ಜೊತೆ ಹೋಗಿತ್ತು.

ಅಪ್ಪ ಮೊದಲನೆಯದರ ಹಾಳೆ ಹರಿಯಲು ಕೈಯಿಟ್ಟಾಗ ಅಜ್ಜಿ ಕೂತಲ್ಲಿಂದಲೇ ತಡೆದಳು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ, ಅಕ್ಷರದ ಭಯ ಬಹಳ ಇತ್ತು.

“ಓದ್ದೆ ಇರೋ ಪುಸ್ತಕನ ಹುಳದ ಕೆಳೀಕೆ ಹಾಕ್ಬುಟ್ರೆ ಸರಸ್ವತಿ ಮ್ಯಾಲೆ ಹಿಕ್ಕೆ ಹಾಕ್ಸಿದಂಗಲ್ವೇನ್ಲಾ? ಸ್ಕೂಲಿಗೋಗೋ ಅಮ್ಮಿ ಓದ್ಲಿ. ಓದಿದ್ಮೇಲೆ ಸರಸ್ವತಿ ನಮ್ಮೊಳೀಕೆ ಬಂದ್ಬುಡ್ತಾಳೆ. ಆಮ್ಯಾಕೆ ಅದು ಬರೀ ಕಾಗ್ದ, ಹರ್ಕೊ.”

“ಹಂಗಾರೆ ಇಷ್ಟು ದಿನ ಪೇಪರ್ ಹಾಕ್ತಿದ್ವಲ್ಲವ್ವ?” ಎಂದ ಅಪ್ಪ.

“ಅದ್ರಾಗೆ ಸರಸ್ವತಿ ಎಲ್ಲವಳೆ? ಬರೀ ಎಲೆಕ್ಸನ್ನು.”

ಹೀಗೆ ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಹುಟ್ಟಿತು. ನಾನು ಸ್ಕೂಲಿನಿಂದ ಬಂದ ಮೇಲೆ ಹುಳುವಿನ ಕೋಣೆಯ ಹೊಸ್ತಿಲಲ್ಲಿ ಕೂತು ಗಟ್ಟಿಯಾಗಿ ಓದಬೇಕು. ಒಳಗೆ ಅವ್ವ ಎಳೆ ಸೊಪ್ಪನ್ನು ಸಣ್ಣಗೆ ಹೆಚ್ಚುತ್ತ ಕೇಳುತ್ತಾಳೆ, ಅಜ್ಜಿ ಗೋಡೆಗೊರಗಿ ಎಲೆಯಡಿಕೆ ಇಲ್ಲದ ಬಾಯನ್ನು ಸುಮ್ಮನೆ ಆಡಿಸುತ್ತ ಕೇಳುತ್ತಾಳೆ, ಅಪ್ಪ ಬಂದು ಹೋಗಿ ಮಾಡುತ್ತ ಕೇಳುತ್ತಾನೆ. ಓದಿದ ಹಾಳೆಯನ್ನು ನಾನೇ ಹರಿದು ಕೊಡಬೇಕು. ಅದು ಹುಳುವಿನ ಕೆಳಗೆ ಹೋಗುತ್ತದೆ, ಅಲ್ಲಿಂದ ತಿಪ್ಪೆಗೆ. ಹಿಂದೆ ತಿರುಗಿಸಿ ನೋಡುವ ಹಾಗೇ ಇಲ್ಲ. ಮರಿಹುಳುವಿನ ಕಾಲ ಮುಗಿದರೆ ಓದೂ ನಿಂತಿತು, ಮುಂದಿನ ಬೆಳೆ ಬರುವ ತನಕ ಕಾಯಬೇಕು. ಮೂರು ಪುಸ್ತಕ ಮೂರು ಬೆಳೆ ಹಿಡಿಯಿತು. ನನಗೆ ಇವತ್ತಿಗೂ ಯಾವುದನ್ನಾದರೂ ಓದಿದರೆ ಒಂದೇ ಸಲಕ್ಕೆ ಮನಸ್ಸಿನಲ್ಲಿ ನಿಲ್ಲುತ್ತದೆ. ನೆನಪಿನ ಶಕ್ತಿ ಎಂದು ಹೊಗಳುವವರಿಗೆ ನಾನು ಹುಳುವಿನ ಕತೆ ಹೇಳಹೋಗುವುದಿಲ್ಲ.

ಸಂಸಾರದ ಪುಸ್ತಕ ಎಲ್ಲರಿಗೂ ಹಿಡಿಸಿತು. ಗಂಡ ಹೆಂಡತಿ ಮಕ್ಕಳು ಕಮಾನುಗಾಡಿ ಹೂಡಿಕೊಂಡು ಹೊರಡುತ್ತಾರೆ. ತಲುಪಿದ ಜಾಗದಲ್ಲಿ ಮರವಿಲ್ಲ, ಕಲ್ಲಿಲ್ಲ, ಕಣ್ಣು ಹೋದಲ್ಲೆಲ್ಲ ಹುಲ್ಲು. ನಮ್ಮಂಥ ಬಂಡೆಗಳ ನಡುವೆ ಇರುವವರಿಗೆ ಕಲ್ಲಿಲ್ಲದ ಊರು ಎಂದರೆ ನಂಬುವುದೇ ಕಷ್ಟ.

“ಕಲ್ಲೇ ಇಲ್ವಾ? ಬಟ್ಟೆ ಯಾತರ ಮ್ಯಾಲೆ ಒಗೀತಿದ್ರು?” ಎಂದು ಅಜ್ಜಿ ಕೇಳಿದಳು. ಪುಸ್ತಕದಲ್ಲಿ ಅದಕ್ಕೆ ಉತ್ತರವಿರಲಿಲ್ಲ.

ಅವರು ಹುಲ್ಲನ್ನು ಬೇರು ಮಣ್ಣು ಸಮೇತ ಇಟ್ಟಿಗೆಯಂತೆ ಕಡಿದು ಗೋಡೆ ಕಟ್ಟುತ್ತಾರೆ. ಮಾಡಿನಿಂದ ಅನ್ನಕ್ಕೆ ಮಣ್ಣು ಉದುರುತ್ತದೆಂದು ಆ ಹೆಂಗಸು ಒಳಗಡೆ ಬಟ್ಟೆ ಬಿಗಿದು ಕಟ್ಟುತ್ತಾಳೆ. ಇದನ್ನು ಕೇಳಿದ್ದೇ ಅವ್ವ ಸೊಪ್ಪು ಹೆಚ್ಚುವುದನ್ನು ನಿಲ್ಲಿಸಿ ನಕ್ಕುಬಿಟ್ಟಳು. ನಮ್ಮ ಚಿಕ್ಕ ಕೋಣೆಯ ಹೆಂಚಿನ ಕೆಳಗೂ ಅವಳು ತನ್ನ ಹಳೆ ಸೀರೆಯನ್ನು ಹಾಗೆಯೇ ಕಟ್ಟಿದ್ದಳು. ಆ ಹೆಂಗಸಿನ ಹೆಸರು ಅವಳ ಬಾಯಿಗೆ ಹೊರಳಲಿಲ್ಲ, “ನಮ್ಮಂಗೇ ಇರೋಳು” ಎಂದೇ ಕರೆದಳು. ನಮ್ಮಂಗೇ ಇರೋಳು ಇವತ್ತೇನು ಮಾಡಿದಳು, ಓದಮ್ಮಿ, ಎಂದು ಕೇಳುವಳು.

ಅಜ್ಜಿ ಮಾತ್ರ ಒಂದು ಪ್ರಶ್ನೆ ಹಿಡಿದು ಬಿಡಲೇ ಇಲ್ಲ. “ಅಷ್ಟು ದೊಡ್ಡ ಬಯಲಾಗೆ ಇವರಿಗಿಂತ ಮೊದ್ಲು ಯಾರೂ ಇರ್ನಿಲ್ವಾ?” ಇದ್ದರು ಎಂದು ಪುಸ್ತಕದಲ್ಲಿ ಒಂದೇ ಒಂದು ಸಾಲಿತ್ತು. “ಹಂಗಾರೆ ಅವರು ಎಲ್ಲೀಗೋದ್ರು? ಮುಂದ್ಕೆ ಓದು.” ಮುಂದೆ ಎಷ್ಟು ಓದಿದರೂ ಅವರು ಮತ್ತೆ ಬರಲಿಲ್ಲ. ಅಜ್ಜಿಗೆ ಆ ಪುಸ್ತಕದ ಮೇಲೆ ಅವತ್ತಿನಿಂದ ಸಣ್ಣ ಅನುಮಾನ ಬಂತು. ಕೊನೆಯ ಹಾಳೆ ಹುಳುವಿನ ಕೆಳಗೆ ಹೋದಾಗ, “ಒಳ್ಳೇ ಜನ, ಒಸಿ ಮುಚ್ಚಿಟ್ಕೊಂಡವ್ರೆ” ಎಂದು ತೀರ್ಪು ಕೊಟ್ಟಳು.

ಗಿಡಗಳ ಪುಸ್ತಕ ಅವ್ವನದಾಯಿತು. ಅದರ ಒಂದು ಹಾಳೆಯಲ್ಲಿ ನೆಲವನ್ನು ಕುಯ್ದು ತೋರಿಸಿದ ಚಿತ್ರ. ನೆಲದ ಮೇಲೆ ಹುಲ್ಲು ಮೊಣಕಾಲುದ್ದ, ಕೆಳಗೆ ಬೇರು ಆಳುದ್ದಕ್ಕೂ ಮಿಗಿಲು, ಕೂದಲು ಬಿಚ್ಚಿ ಹರವಿದ ಹಾಗೆ. ಮೇಲೆ ಕಾಣುವುದು ಹುಲ್ಲಿನ ಚೂರು, ಹುಲ್ಲು ಬದುಕುವುದು ಕೆಳಗೆ ಎಂದು ಬರೆದಿತ್ತು. ಅವ್ವ ಅದನ್ನು ಕೈಗೆ ತೆಗೆದುಕೊಂಡು, ಮೂರನೇ ಕ್ಲಾಸಿನ ತನ್ನ ಓದಿನಲ್ಲಿ ಬೆರಳಿಟ್ಟು ಬೆರಳಿಟ್ಟು ಮತ್ತೊಮ್ಮೆ ಓದಿದಳು. ಸೊಪ್ಪು ಬಾಡುತ್ತಿದೆ ಎಂದು ಅಜ್ಜಿ ಎಚ್ಚರಿಸಿದರೂ ಕೇಳಲಿಲ್ಲ. ಆಮೇಲೆ ಹಾಳೆಯನ್ನು ನನ್ನ ಕೈಗೆ ಕೊಟ್ಟು, ಹಾಕು ಎಂದು, ಸೀದಾ ದಿಬ್ಬ ಹತ್ತಿ ಹೋದಳು. ಒಂದು ಹಂಚಿಕಡ್ಡಿ ಬುಡಕ್ಕೆ ಎರಡೂ ಕೈ ಹಾಕಿ ಜಗ್ಗುವುದನ್ನು ನಾವು ಜಗಲಿಯಿಂದಲೇ ನೋಡಿದೆವು. ಅದು ಬರಲಿಲ್ಲ. ಅಂಗೈ ಕುಯ್ದುಕೊಂಡು ಇಳಿದು ಬಂದವಳ ಮುಖದಲ್ಲಿ ನಾನು ಅಷ್ಟು ಸಂತೋಷ ಅದಕ್ಕೆ ಮೊದಲು ನೋಡಿರಲಿಲ್ಲ.

“ನಮ್ದೂ ಅಂಥದ್ದೇ ಕಣತ್ತೆ. ಬುಡಾಕಿಲ್ಲ ಅಂತದೆ.”

ಅಂದಿನಿಂದ ದಿಬ್ಬದ ಬಗ್ಗೆ ಅವಳ ಮಾತಿನ ಧಾಟಿಯೇ ಬದಲಾಯಿತು. ಅಪ್ಪ ಬೀಳು ಎಂದರೆ ಅವಳು ಬೇಕೆಂದೇ ಹುಲ್ಲುಹೊಲ ಎನ್ನುವಳು. ತೋಟದ ಮಣ್ಣು ಮಳೆಗೆ ಕೊಚ್ಚಿ ಹೋಗದೆ ನಿಂತಿರುವುದು ಮೇಲೆ ಆ ಹುಲ್ಲು ನೀರನ್ನು ತಡೆದು ಇಳಿಸುವುದರಿಂದ ಎಂದು ಅವಳಿಗೆ ಗಟ್ಟಿಯಾಗಿತ್ತು. ನಮ್ಮ ತೋಟದಲ್ಲಿ ಮಣ್ಣಿದ್ದದ್ದಾದರೂ ಎಷ್ಟು? ಒಂದು ಗೇಣು ಅಗೆದರೆ ಗುದ್ದಲಿ ಠಣ್ಣೆನ್ನುತ್ತಿತ್ತು. ಆ ಒಂದು ಗೇಣಿನ ಮೇಲೆ ನಮ್ಮ ನಾಲ್ಕು ಜನರ ಮಾನ ನಿಂತಿತ್ತು.

ಮೂರನೆಯದು ಮಣ್ಣಿನ ಪುಸ್ತಕ. ಅದನ್ನು ಓದುವ ಹೊತ್ತಿಗೆ ಅಪ್ಪನ ತಲೆಯಲ್ಲಿ ಬೇರೆ ಚಿಂತೆ. ನಾಲ್ಕನೇ ಜ್ವರ ಎದ್ದ ಹುಳು ಹಗಲೂ ರಾತ್ರಿ ತಿನ್ನುತ್ತದೆ. ನಮ್ಮ ತೋಟದ ಸೊಪ್ಪು ಅದಕ್ಕೆ ಸಾಲುತ್ತಿರಲಿಲ್ಲ, ಪ್ರತಿ ಬೆಳೆಯಲ್ಲೂ ಕೊನೆಗೆ ಯಾರದಾದರೂ ತೋಟದ ಮುಂದೆ ನಿಂತು ಸೊಪ್ಪು ಬೇಡಬೇಕು. ಅಪ್ಪ ಸ್ವಭಾವತಃ ಬೇಡುವ ಮನುಷ್ಯನಲ್ಲ. ಹಾಗಾಗಿ ಒಂದು ದಿನ ಊಟಕ್ಕೆ ಕೂತಾಗ, ಮುದ್ದೆ ಮುರಿಯುತ್ತ, ದಿಬ್ಬ ಉಳುವುದಕ್ಕೆ ಟ್ರಾಕ್ಟರ್ ಹೇಳಿ ಬಂದಿದ್ದೇನೆ, ಅಲ್ಲೂ ಹಿಪ್ಪುನೇರಳೆ ಕಡ್ಡಿ ಊರೋಣ ಎಂದ. ಅವ್ವ ಬಡಿಸುತ್ತಿದ್ದ ಸೌಟನ್ನು ಪಾತ್ರೆಯೊಳಕ್ಕೆ ಬಿಟ್ಟಳು. ಹುಳು ಜ್ವರಕ್ಕೆ ಕೂತಿತ್ತು, ಆದ್ದರಿಂದ ಆ ದೊಡ್ಡ ಜಗಳ ಪೂರ್ತಿ ಪಿಸುದನಿಯಲ್ಲೇ ನಡೆಯಿತು.

“ಮಣ್ಣಿನ ಪುಸ್ತಕ ಕೇಳಿಸ್ಕೊಂಡೂ ಈ ಮಾತಾಡ್ತೀರಾ?”

“ಕೇಳಿಸ್ಕೊಂಡೇ ಆಡ್ತಿರೋದು. ಹುಲ್ಲು ಉತ್ತಾಕಿದ್ಮೇಲೆ ಗೋಧಿ ಎದೆಮಟ್ಟ ಬಂತು, ಕಣಜ ಸಾಲ್ದೆ ಹೋಯ್ತು ಅಂತ ಇರ್ನಿಲ್ವಾ?”

“ಆಮೇಲಿನ ಹಾಳೇಲಿ? ಬೇರು ಹೋದ್ಮೇಲೆ ಮಣ್ಣೆಲ್ಲ ಎದ್ದು ಆಕಾಸಕ್ಕೆ ಹೋಯ್ತು, ಹಗಲೊತ್ತೇ ದೀಪ ಹಚ್ಚಿದ್ರು, ಊರೂರೇ ಗುಳೆ ಎದ್ದೋದ್ರು ಅಂತ ಇರ್ನಿಲ್ವಾ?”

“ಅಂಥದ್ದೇನೂ ನಾ ಕೇಳ್ನಿಲ್ಲ.”

ಅವ್ವನಿಗೆ ಆಗ ಹೊಳೆಯಿತು. “ನೀವು ಹುಣಸೆಮರದ ತಾವು ಹೋಗಿದ್ರಿ. ಬೀಡಿಗೆ.”

ಅದೇ ಆಗಿತ್ತು. ಅವನು ಗೋಧಿಯ ಹಾಳೆ ಕೇಳಿ ಎದ್ದು ಹೋಗಿದ್ದ, ಧೂಳಿನ ಹಾಳೆ ಓದುವಾಗ ಹುಣಸೆಮರದ ಕೆಳಗಿದ್ದ, ಬಾಯಿ ಮುಕ್ಕಳಿಸಿ ಬರುವಷ್ಟರಲ್ಲಿ ಹಾಳೆ ಹುಳುವಿನ ಕೆಳಗೆ ಹೋಗಿತ್ತು. ಬೇರೆ ಮನೆಯಾಗಿದ್ದರೆ ಪುಸ್ತಕ ತೆಗೆದು, ನೋಡಿ ಇಲ್ಲಿದೆ ಎಂದು ತೋರಿಸಬಹುದಿತ್ತು. ನಮ್ಮ ಮನೆಯಲ್ಲಿ ಇದ್ದದ್ದು ನಾನು. ಅಜ್ಜಿ ನನ್ನನ್ನು ನಡುವೆ ಕೂರಿಸಿ, ಓದಿದ್ದು ಒಳಗೆ ಬಂದಿದ್ದರೆ ಹೇಳು ಎಂದಳು. ನಾನು ಹೇಳಿದೆ. ಮೋಡದಂತೆ ಎದ್ದ ಮಣ್ಣು, ಹೂತುಹೋದ ಬೇಲಿ, ದನಗಳ ಮೂಗಿನ ತುಂಬ ಧೂಳು, ಒಂದೂ ಬಿಡದೆ. ಅಪ್ಪ ತಟ್ಟೆಯಲ್ಲೇ ಕೈ ತೊಳೆದು ಎದ್ದ.

“ಕೂಸು ಅವರವ್ವನ ಕಡೀಕೆ ಯೋಳ್ತದೆ. ಇರ್ಲಿ ಬುಡಿ.”

ನನಗೆ ಉರಿದುಹೋಯಿತು. ಅಪ್ಪ ಬೈದಿದ್ದರೆ, ಎರಡು ಏಟು ಹಾಕಿದ್ದರೆ ಅಷ್ಟು ನೋಯುತ್ತಿರಲಿಲ್ಲ. ನಾನು ಸುಳ್ಳು ಹೇಳಿದೆ ಎಂದನಲ್ಲ! ಮರುದಿನ ಸ್ಕೂಲಿಗೆ ಹೋಗದೆ ತಿಪ್ಪೆಗೆ ಇಳಿದೆ. ಕಡ್ಡಿ ಹಿಡಿದು ಸಗಣಿ, ಸೊಪ್ಪಿನ ದಂಟು, ಹಿಕ್ಕೆ, ಬೂದಿ ಎಲ್ಲ ಕೆದಕಿದೆ. ಕೆಲವು ಹಾಳೆ ಸಿಕ್ಕಿದವು, ಕೈಗೆ ತೆಗೆದುಕೊಂಡರೆ ಅಂಬಲಿಯಂತೆ ಕರಗಿದವು. ಮೈಯೆಲ್ಲ ಗಬ್ಬು ಹೊಡೆಸಿಕೊಂಡು ಬಂದ ನನ್ನನ್ನು ಅವ್ವ ಬೈಯದೆ ಬಚ್ಚಲಿಗೆ ಕರೆದುಕೊಂಡು ಹೋಗಿ ಬಿಸಿನೀರು ಹೊಯ್ದಳು. ನಾನು ಹಟಮಾರಿ ಎಂದು ನನ್ನ ಗಂಡನ ಮನೆಯವರು, ನನ್ನ ಜೊತೆ ಸ್ಕೂಲಿನಲ್ಲಿ ಪಾಠ ಮಾಡಿದ ಮೇಷ್ಟರುಗಳು, ಈಗ ನನ್ನ ಸೊಸೆ, ಎಲ್ಲರೂ ಹೇಳುತ್ತಾರೆ. ಹೌದು, ಹಟಮಾರಿಯೇ. ಅದು ನನಗೆ ಹತ್ತಿದ್ದು ಆ ತಿಪ್ಪೆಯಲ್ಲಿ.

ಟ್ರಾಕ್ಟರ್ ಬಂತು. ಅವ್ವ ಅದರ ಮುಂದೆ ಅಡ್ಡ ಮಲಗುತ್ತಾಳೆಂದು ನಾನು ಕಾದಿದ್ದೆ, ಅಂಥದ್ದೇನೂ ಮಾಡಲಿಲ್ಲ. ಊರ ಮುಂದೆ ಗಂಡನ ಮಾತು ಬಿದ್ದುಹೋಗುವುದು ಅವಳಿಗೂ ಬೇಕಿರಲಿಲ್ಲ. ಡ್ರೈವರನಿಗೆ ಮಜ್ಜಿಗೆ ಕೊಟ್ಟು, “ಅಡ್ಡಡ್ಡಕ್ಕೆ ಉಳಪ್ಪ, ಮೇಲಿಂದ ಕೆಳೀಕೆ ಬ್ಯಾಡ” ಎಂದು ಕೇಳಿದಳು. ಅಡ್ಡಕ್ಕೆ ಹೋದರೆ ಗಾಡಿ ಮಗುಚುತ್ತೆ ಕಣಕ್ಕ ಎಂದ ಅವನು. ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಉತ್ತ. ಟ್ರಾಕ್ಟರ್ ತಿರುಗಲಾರದ ಮೂಲೆಗಳಲ್ಲಿ ಮಾತ್ರ ನಾಲ್ಕಾರು ಬುಡ ಹುಲ್ಲು ಉಳಿಯಿತು. ಸಂಜೆಯ ಬಿಸಿಲಿನಲ್ಲಿ ದಿಬ್ಬ ಕೆಂಪಗೆ, ಮಿದುವಾಗಿ, ನಿಜ ಹೇಳಬೇಕೆಂದರೆ ಬಹಳ ಚೆಂದ ಕಾಣುತ್ತಿತ್ತು. ಅಪ್ಪ ಒಂದು ಹಿಡಿ ಮಣ್ಣೆತ್ತಿ ಅಜ್ಜಿಯ ಕೈಯಲ್ಲಿಟ್ಟ. ಅವನ ಸಂತೋಷ ನೋಡಿ ನನಗೂ, ಇವನೇ ಸರಿಯಿರಬಹುದೇ ಅನ್ನಿಸಿತು.

ಕಡ್ಡಿ ಊರುವ ಮೊದಲೇ ಮುಂಗಾರಿನ ಮೊದಲ ಜೋರು ಮಳೆ ಬಂತು. ಮಧ್ಯಾಹ್ನ ಬಂದದ್ದು, ಬಂಡೆಯ ಮೇಲೆ ಬಿದ್ದ ನೀರೆಲ್ಲ ಒಟ್ಟಾಗಿ ದಿಬ್ಬಕ್ಕೆ ಧುಮುಕಿತು. ಟ್ರಾಕ್ಟರ್ ಎಳೆದ ಒಂದೊಂದು ಸಾಲೂ ಒಂದೊಂದು ಕಾಲುವೆ. ನಾವು ನಾಲ್ಕೂ ಜನ ಜಗಲಿಯಲ್ಲಿ ನಿಂತು ನೋಡಿದೆವು. ನೀರು ನೀರಿನಂತಿರಲಿಲ್ಲ, ಕಲಸಿದ ರಾಗಿಹಿಟ್ಟಿನಂತೆ ದಪ್ಪಗೆ ಬರುತ್ತಿತ್ತು. ಮಳೆ ನಿಂತ ಮೇಲೆ ಹೋಗಿ ನೋಡಿದರೆ ದಿಬ್ಬದಲ್ಲಿ ಕಲ್ಲು ಹಲ್ಲು ಕಿರಿಯುತ್ತಿತ್ತು, ಕೆಳಗೆ ತೋಟದ ಅರ್ಧ ಸಾಲುಗಳು ಕಲ್ಲುಮಣ್ಣಿನ ಗರಸಿನಲ್ಲಿ ಮೊಣಕಾಲುದ್ದ ಹೂತಿದ್ದವು. ಗೇಣು ಮಣ್ಣಿನಲ್ಲಿ ಎಷ್ಟು ಉಳಿದಿದೆ ಎಂದು ನೋಡುವ ಧೈರ್ಯ ಅಪ್ಪನಿಗಾಗಲಿಲ್ಲ. ಒಂದು ಕಲ್ಲಿನ ಮೇಲೆ ಕೂತ. ಬೀಡಿ ಹಚ್ಚಲಿಲ್ಲ.

ದೊಡ್ಡಪ್ಪ ಮಾರನೇ ದಿನವೇ ಬಂದ. ಆಡಿಕೊಳ್ಳುವುದಕ್ಕೆ ಬಂದಿದ್ದರೆ ಸುಲಭವಿತ್ತು, ಅವನು ನಿಜವಾಗಿ ಮರುಗಿಕೊಂಡೇ ಬಂದಿದ್ದ. ಹೂತ ಸಾಲುಗಳನ್ನು ನೋಡಿ ತಲೆಯಾಡಿಸಿ, ಜಗಲಿಯಲ್ಲಿ ಕೂತು, ತಮ್ಮನ ಹೆಗಲ ಮೇಲೆ ಕೈಯಿಟ್ಟ.

“ಆಯ್ತು ಬುಡ್ಲಾ ಶಿವ. ಹೊಲ ನಾನು ನೋಡ್ಕತೀನಿ, ನೀವು ಮನೆಗೆ ಬಂದ್ಬುಡಿ. ಅಟ್ಟದಾಗೆ ರಾಗಿ ಐತೆ. ಈ ಕಲ್ಲಿನ ಜೊತೆ ಯಾಕ್ಲಾ ಗುದ್ದಾಡ್ತೀಯಾ?”

ಅಪ್ಪ ತಲೆ ತಗ್ಗಿಸಿ ಕೂತಿದ್ದ. ಅವನು ಹೂಂ ಅಂದುಬಿಡುತ್ತಾನೆ ಎಂದು ನನಗೆ ಹೆದರಿಕೆಯಾಯಿತು. ಅವನಿಗೆ ಆಗ ಯಾರು ಏನು ಹೇಳಿದರೂ ಹೂಂ ಅನ್ನುವ ಸ್ಥಿತಿ. ಅವ್ವ ಕಾಫಿಯ ಲೋಟ ತಂದು ಬಾವನ ಮುಂದಿಟ್ಟು, ಸೆರಗು ಸರಿಮಾಡಿಕೊಂಡು, ಅವನ ಮುಖ ನೋಡದೆ ಕಂಬದ ಕಡೆ ನೋಡಿಕೊಂಡು ಹೇಳಿದಳು.

“ಮಣ್ಣು ಹೋಯ್ತು ಬಾವ. ನಾವು ಹೋಗಕಿಲ್ಲ. ಕಾಪಿ ಕುಡೀರಿ, ಆರೋಯ್ತದೆ.”

ದೊಡ್ಡಪ್ಪ ಹೋದ ಮೇಲೆ ಅವ್ವ ಗುದ್ದಲಿ, ಮಂಕರಿ, ಒಂದು ಬಿಂದಿಗೆ ನೀರು ತೆಗೆದುಕೊಂಡು ನನ್ನನ್ನು ಕರೆದಳು. ದಿಬ್ಬದ ನೆತ್ತಿಯಲ್ಲಿ ನಿಂತು ನಾನು ನೀರು ಸುರಿಯಬೇಕು. ಅದು ಎಲ್ಲಿ ಹರಿಯುತ್ತದೋ ಅದಕ್ಕೆ ಅಡ್ಡವಾಗಿ ಅವಳು ಗುದ್ದಲಿಯಲ್ಲಿ ಗೆರೆ ಎಳೆಯುವಳು. ಆ ಗೆರೆಯುದ್ದಕ್ಕೂ ಗುಂಡಿ ತೋಡಿ ನಾವು ಹುಲ್ಲು ನೆಟ್ಟೆವು. ಟ್ರಾಕ್ಟರ್ ಬಿಟ್ಟ ಮೂಲೆಗಳಿಂದ ಹಂಚಿಕಡ್ಡಿಯ ಬುಡ ಸೀಳಿ ತಂದೆವು, ಹಳ್ಳದ ದಂಡೆಯಿಂದ ಲಾವಂಚ ಕಿತ್ತು ತಂದೆವು. ಒಂದು ಬುಡ ಕೀಳುವಷ್ಟರಲ್ಲಿ ಸೊಂಟ ಹೋಗುತ್ತಿತ್ತು. ಅಜ್ಜಿ ಕೆಳಗೆ ಕೂತು ಬುಡಗಳನ್ನು ಬಿಡಿಸಿ, ತಲೆ ಕತ್ತರಿಸಿ, ಒದ್ದೆ ಗೋಣಿಯಲ್ಲಿ ಸುತ್ತಿ ಕಳಿಸುವಳು. ನಾನು ಹೇಳಿದ್ದೆ, ಕೇಳಿದಿರಾ ಎಂದು ಅವ್ವ ಅಪ್ಪನಿಗೆ ಒಂದು ಸಲವೂ ಅನ್ನಲಿಲ್ಲ. ಯಾಕವ್ವ ಅನ್ನಲ್ಲ ಎಂದು ನಾನೇ ತಡೆಯಲಾರದೆ ಕೇಳಿದೆ.

“ಅಂದ್ರೆ ಮಣ್ಣು ಬೆಟ್ಟ ಹತ್ಕೊಂಡು ವಾಪಸ್ ಬಂದಾದ? ನೀನು ಗುಂಡಿ ತೋಡು.”

ರೈತರ ಊರಿನಲ್ಲಿ ಹುಲ್ಲು ನೆಡುವುದು ಎಂದರೆ ಏನೆಂದು ಈಗಿನವರಿಗೆ ಹೇಗೆ ಹೇಳುವುದು? ಹುಟ್ಟಿದಂದಿನಿಂದ ಎಲ್ಲರೂ ಮಾಡುವುದು ಒಂದೇ ಕೆಲಸ, ಹುಲ್ಲು ಕೀಳುವುದು. ರಾಗಿಯಲ್ಲಿ ಕೀಳುವುದು, ತೋಟದಲ್ಲಿ ಕೀಳುವುದು, ಗರಿಕೆಯ ಗೆಣ್ಣು ಒಂದೂ ಉಳಿಯದಂತೆ ಬೆಂಕಿಗೆ ಹಾಕುವುದು. ಅಂಥಲ್ಲಿ ಒಂದು ಮನೆಯ ಹೆಂಗಸು ತಲೆಯ ಮೇಲೆ ಹುಲ್ಲು ಹೊತ್ತು ತಂದು, ತೆಂಗಿನ ಸಸಿಗೆ ಹಾಕುವ ಹಾಗೆ ನೀರು ಹಾಕಿ ನೆಡುತ್ತಿದ್ದಾಳೆ. ದಾರಿಯಲ್ಲಿ ಹೋಗುವವರು ನಿಂತು ನೋಡಿದರು. “ಏನ್ ಕೆಂಪಮ್ಮ, ನಾವೆಲ್ಲ ಕೀಳಕ್ಕೆ ಹುಟ್ಟಿದ್ರೆ ನೀನು ನೆಡಕ್ಕೆ ಹುಟ್ಟಿದೀಯಾ?” ಎಂದು ಒಬ್ಬರು ಕೇಳಿದರೆ ಅವ್ವ ತಲೆಯೆತ್ತದೆ, “ಹೂಂ ಕಣಣ್ಣ, ಒಬ್ಬೊಬ್ರಿಗೆ ಒಂದೊಂದು” ಎಂದಳು. ನಮ್ಮ ಮನೆಗೆ ಹುಲ್ಲು ನೆಟ್ಟೋರ ಮನೆ ಎಂದು ಹೆಸರು ಬಿತ್ತು. ಸ್ಕೂಲಿನಲ್ಲಿ ನನ್ನ ಜಡೆಗೆ ಗರಿಕೆ ಸಿಕ್ಕಿಸಿದರು. ನನಗೆ ನಾಚಿಕೆಯಾಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಆದರೆ ಸಿಕ್ಕಿಸಿದವಳ ಜಡೆ ಹಿಡಿದು ಜಗ್ಗದೆ ಬಿಡಲಿಲ್ಲ. ಈಗ ಊರಿಗೆ ಹೊಸಬರು ಬಂದು ವಿಳಾಸ ಕೇಳಿದರೂ ಅದೇ ಹೆಸರು ಹೇಳುತ್ತಾರೆ, ಈಗಿನ ಹುಡುಗರಿಗೆ ಅದು ಗೇಲಿಯ ಹೆಸರಾಗಿತ್ತೆಂದು ಗೊತ್ತೂ ಇಲ್ಲ. ದಿಬ್ಬಕ್ಕೆ ಆಮೇಲೆ ನೇಗಿಲು ತಾಗಿಲ್ಲ. ಅಡ್ಡಸಾಲುಗಳ ಹಿಂದೆ ನಿಧಾನಕ್ಕೆ ಮಣ್ಣು ಕೂತಿದೆ. ಎಷ್ಟು ಎಂದು ಕೇಳಿದರೆ ನಗಬೇಡಿ, ನನ್ನ ಆಯಸ್ಸಿಗೆ ನಾಲ್ಕು ಬೆರಳು.

ಕಷ್ಟವಾದದ್ದು ಅಪ್ಪನಿಗೆ. ತಪ್ಪು ತನ್ನದೆಂದು ಅವನಿಗೆ ಗೊತ್ತಿತ್ತು. ಹಾಗೆಂದು ಊರ ಮುಂದೆ ಹುಲ್ಲು ನೆಡುವಷ್ಟು ಗುಂಡಿಗೆ ಇರಲಿಲ್ಲ. ಮೊದಮೊದಲು ತೋಟದಿಂದ ಗರಸು ಹೊರುವ ಕೆಲಸದಲ್ಲೇ ಮುಖ ಮುಚ್ಚಿಕೊಂಡ. ಆಮೇಲೆ ಒಂದು ದಿನ ಹಾರೆ ಹಿಡಿದು ದಿಬ್ಬಕ್ಕೆ ಬಂದು, ಅವ್ವನ ಗುದ್ದಲಿಗೆ ಬಗ್ಗದ ಕಡೆ ಗುಂಡಿ ಹೊಡೆಯತೊಡಗಿದ. ಅವ್ವ ಪಕ್ಕಕ್ಕೆ ಸರಿದು ಜಾಗ ಕೊಟ್ಟಳು. ಆದರೆ ದಾರಿಯಲ್ಲಿ ಯಾರಾದರೂ ಕಂಡರೆ ಸಾಕು, ಅಪ್ಪ ಹಾರೆ ಕೆಳಗೆ ಹಾಕಿ, ಬಗ್ಗಿ, ಕಲ್ಲು ಆಯುವವನ ಹಾಗೆ ನಟಿಸುವನು. ಬಂದವರು ಮರೆಯಾದ ಮೇಲೆ ಮತ್ತೆ ಹಾರೆ. ಅವ್ವ ನೋಡಿಯೂ ನೋಡದವಳಂತೆ ಇರುತ್ತಿದ್ದಳು. ಒಂದು ಸಂಜೆ ಒಲೆಯ ಮುಂದೆ ಅಜ್ಜಿಗೆ ಹೇಳುತ್ತಿದ್ದದ್ದು ನನ್ನ ಕಿವಿಗೆ ಬಿತ್ತು.

“ನನ್ನೊಬ್ಬಳ ಹಟ ಅಂತ ಊರು ಅಂದ್ಕೊಂಡ್ರೆ ಇದು ನಿಲ್ಲಾಕಿಲ್ಲ ಅತ್ತೆ. ಬಾವ ಇನ್ನೊಂದ್ಸಲ ಕರೆದ್ರೆ ಇವರು ಹೊಂಟ್ಬುಡ್ತಾರೆ. ಇವರ ಬಾಯಿಂದ ಬರ್ಬೇಕು.”

ನೆಡುವುದು ಅರ್ಧವಾಗಿದ್ದಾಗ ಆ ಬೆಳೆಯ ಗೂಡು ಬಿಡಿಸಿ, ಅಪ್ಪ ರಾಮನಗರದ ಮಾರ್ಕೆಟ್ಟಿಗೆ ಹೊರಟ. ರಜೆ ಇತ್ತು, ಚೀಲ ಕಾಯಲು ನನ್ನನ್ನೂ ಕರೆದುಕೊಂಡು ಹೋದ. ಸೊಪ್ಪಿಲ್ಲದೆ ಹುಳು ಬಡವಾಗಿದ್ದವು, ಗೂಡೂ ಹಗುರ. ದೊಡ್ಡ ಹಜಾರದಲ್ಲಿ ಸಾಲು ತೊಟ್ಟಿಗಳಲ್ಲಿ ಬಿಳಿ ಹಳದಿ ಗೂಡು ಹರವಿ ರೈತರು ನಿಂತಿದ್ದರು, ನೂಲು ತೆಗೆಯುವ ಸಾಬರು ಗೂಡನ್ನು ಬೆರಳಲ್ಲಿ ಒತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತ ಓಡಾಡುತ್ತಿದ್ದರು. ನಮ್ಮೂರಿನವರು ಆರೇಳು ಜನ ಒಂದೇ ಕಡೆ ಇದ್ದರು. ದೊಡ್ಡಪ್ಪನೂ ಇದ್ದ. ಅಪ್ಪ ಅವರನ್ನು ಬಳಸಿಕೊಂಡು ಹೋಗಲು ನೋಡಿದ, ಆಗಲಿಲ್ಲ. ಅಪ್ಪನ ಓರಗೆಯ ಚಿಕ್ಕಣ್ಣ, ಒಳ್ಳೆಯ ಮನುಷ್ಯ, ಬಾಯಿ ಮಾತ್ರ ಸುಮ್ಮನಿರದು, ಇಡೀ ಹಜಾರಕ್ಕೆ ಕೇಳುವಂತೆ ಕೂಗಿದ.

“ಏನ್ಲಾ ಶಿವ, ಹುಲ್ಲಿನ ನಾಟಿ ಮುಗೀತೇನ್ಲಾ?”

ಎಲ್ಲರೂ ತಿರುಗಿದರು. ಯಾರಿಗೋ ನಗು ಬಂತು, ಅದು ಪಕ್ಕದವರಿಗೆ ಹರಡಿತು. ದೊಡ್ಡಪ್ಪ ಮಾತ್ರ ನಗದೆ ತಮ್ಮನನ್ನೇ ನೋಡುತ್ತಿದ್ದ. ನಾನು ಅಪ್ಪನ ಪಂಚೆ ಹಿಡಿದುಕೊಂಡೆ. ಈಗ ಇವನು ಬಗ್ಗಿ ಇಲ್ಲದ ಕಲ್ಲು ಆಯುತ್ತಾನೆ, ನಮ್ಮನೇಲಿ ಅವಳಿಗೊಂದು ಹುಚ್ಚು ಎಂದು ನಕ್ಕುಬಿಡುತ್ತಾನೆ, ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಅಪ್ಪ ಹೆಗಲ ಮೇಲಿದ್ದ ಗೂಡಿನ ಚೀಲ ಕೆಳಗಿಳಿಸಿದ. ಬೆನ್ನು ನೆಟ್ಟಗೆ ಮಾಡಿದ. ಚಿಕ್ಕಣ್ಣನಿಗಿಂತ ಗಟ್ಟಿಯಾಗಿ, ಹುಳುವಿನ ಮನೆಯವರು ಯಾರೂ ಮಾತಾಡದಷ್ಟು ಗಟ್ಟಿಯಾಗಿ ಹೇಳಿದ.

“ಇನ್ನೂ ಅರ್ಧ ದಿಬ್ಬ ಐತೆ ಕಣ್ಲಾ. ನಾನೂ ನನ್ನೆಂಡ್ರೂ ನೆಡ್ತಾ ಇದೀವಿ. ಕೂಲಿಗೆ ಬತ್ತೀಯೇನ್ಲಾ?”

ಈ ಸಲ ಇನ್ನೂ ಜೋರಾಗಿ ನಕ್ಕರು, ಚಿಕ್ಕಣ್ಣನೂ ನಕ್ಕ, ಅಪ್ಪನೂ ನಕ್ಕ. ದೊಡ್ಡಪ್ಪ ತಲೆ ತಗ್ಗಿಸಿ ತನ್ನ ಗೂಡಿನ ರಾಶಿಯಲ್ಲಿ ಕೈಯಾಡಿಸತೊಡಗಿದ. ಮತ್ತೆ ಅವನು ನಮ್ಮನ್ನು ಮನೆಗೆ ಕರೆಯಲಿಲ್ಲ. ನನಗೆ ಅಪ್ಪನ ಮೇಲೆ ಇದ್ದ ಸಿಟ್ಟೆಲ್ಲ, ನನ್ನನ್ನು ಸುಳ್ಳಿ ಎಂದ ಸಿಟ್ಟೂ ಸೇರಿ, ಅಲ್ಲೇ ಇಳಿದುಹೋಯಿತು. ಗೂಡು ಮಾರಿ ಹೊರಗೆ ಬಂದ ಮೇಲೆ ಬನ್ನು ಕೊಡಿಸು ಎಂದು ಕೇಳಿದೆ. ಅವನು ಬಿಸಿಲು ನೋಡಿ, ಬಸ್‌ಸ್ಟ್ಯಾಂಡಿನ ಕಡೆ ಕೈಹಿಡಿದು ಎಳೆದ.

“ನಡಿ ಮಗ, ಬಸ್ಸು ಹೊಂಟೋಯ್ತದೆ. ಹೊತ್ತು ಮುಳುಗೋದ್ರೊಳಗೆ ಒಂದು ಸಾಲಾದ್ರೂ ನೆಡ್ಬೇಕು. ನಿಮ್ಮವ್ವ ಒಬ್ಬಳೇ ಅವಳೆ.”